ಒಂದಂಕಿಯೂ ಇಲ್ಲದ ಸುಡೊಕು

ಮಾಮೂಲಿ ಸುಡೊಕು ಬಿಡಿಸಿ ಕೈ ಪಳಗಿದವರೂ ಅದರ ಹೊಸ ಬಗೆಗಳನ್ನು ಕಂಡರೆ ಒಮ್ಮೆ ತಬ್ಬಿಬ್ಬಾಗುತ್ತಾರೆ. 81 ಮನೆಗಳೂ ಖಾಲಿ! ಅಲ್ಲಲ್ಲಿ ಚುಕ್ಕಿಗೆರೆಯ ಪಂಜರ, ಒಂದೆರಡು ಬಣ್ಣದ ಗೆರೆ, ಅಷ್ಟೆ. ಶುರು ಮಾಡುವುದಾದರೂ ಎಲ್ಲಿಂದ?

ಮಾಮೂಲಿ ಆಟದಲ್ಲಿ ಪ್ರತಿ ಸಾಲಿನಲ್ಲೂ (ಅಡ್ಡ ಇರಲಿ, ಉದ್ದ ಇರಲಿ), ಪ್ರತಿ 3×3 ಚೌಕದಲ್ಲೂ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕು. ಅದಕ್ಕೆ ಕನಿಷ್ಠ 17 ಅಂಕಿ ಕೊಟ್ಟಿರಲೇಬೇಕು. 16 ಕೊಟ್ಟರೆ ಒಂದೇ ಉತ್ತರವಿರುವ ಸುಡೊಕು ಸಾಧ್ಯವಿಲ್ಲ ಎಂದು ಐರ್ಲೆಂಡಿನ ಗಣಿತಜ್ಞ ಗ್ಯಾರಿ ಮೆಕ್‌ಗೈರ್ ಅವರ ತಂಡ 2012ರಲ್ಲಿ ಕಂಪ್ಯೂಟರಿನಿಂದ ಹುಡುಕಿ ತೋರಿಸಿತು. ಖಾಲಿ ಸುಡೊಕುವನ್ನು ಸರಿಯಾಗಿ ತುಂಬಲು ಇರುವ ದಾರಿಗಳು 6,670,903,752,021,072,936,960. ಇವುಗಳಲ್ಲಿ ಒಂದನ್ನುಳಿಸಿ ಮಿಕ್ಕಿದ್ದನ್ನೆಲ್ಲ ಹೊಡೆದುಹಾಕುವುದೇ ಕೊಟ್ಟ ಅಂಕಿಗಳ ಕೆಲಸ. ಅದನ್ನು ಒಂದು ಹೊಸ ನಿಯಮವೂ ಮಾಡಬಲ್ಲದು. ನಿಯಮ ಜಾಸ್ತಿಯಾದರೆ ಆಟ ಕಷ್ಟ ಅನ್ನಿಸುತ್ತದೆ, ಅಲ್ವಾ? ಆದರೆ ಪ್ರತಿ ನಿಯಮವೂ ಒಂದು ಸುಳಿವೇ. 2020ರಲ್ಲಿ ಹೆಸರಾದ 'ಮಿರಾಕಲ್ ಸುಡೊಕು'ವಿನಲ್ಲಿ ಕೊಟ್ಟಿದ್ದು ಎರಡೇ ಅಂಕಿ, 1 ಮತ್ತು 2. ಉಳಿದದ್ದನ್ನೆಲ್ಲ ನಿಯಮಗಳೇ ನೋಡಿಕೊಂಡವು.

ಹೊಸಬರು ಕಿಲ್ಲರ್ ಸುಡೊಕುವಿನಿಂದ ಶುರು ಮಾಡಬಹುದು. ಹೆಸರಿಗೆ ಹೆದರಬೇಡಿ, ಬರೀ ಕೂಡುವ ಲೆಕ್ಕ. ಪಂಜರದ ಮೂಲೆಯಲ್ಲಿ ಬರೆದಿರುವುದು ಅದರೊಳಗಿನ ಅಂಕಿಗಳ ಮೊತ್ತ. ಪಂಜರದೊಳಗೆ ಅಂಕಿ ಮರುಕಳಿಸುವಂತಿಲ್ಲ. ಎರಡು ಮನೆಯ ಪಂಜರದಲ್ಲಿ 17 ಎಂದಿದ್ದರೆ 8 ಮತ್ತು 9 ಬಿಟ್ಟು ಬೇರೇನೂ ಬರದು. 3 ಎಂದಿದ್ದರೆ 1 ಮತ್ತು 2. ಯಾವುದು ಎಲ್ಲಿ ಅಂತ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಆ ಸಾಲಿನ ಬೇರೆ ಮನೆಗಳಿಂದ ಆ ಎರಡೂ ಅಂಕಿ ಹೊರಗೆ ಹೋದವು. ಇನ್ನೊಂದು ಕೀಲಿಕೈ 45. 1ರಿಂದ 9ರವರೆಗೆ ಕೂಡಿದರೆ ಬರುವುದು ಅದು. ಹಾಗಾಗಿ ಪ್ರತಿ ಸಾಲಿಗೂ, ಪ್ರತಿ 3×3 ಚೌಕಕ್ಕೂ ಮೊತ್ತ 45. ಒಂದು ಚೌಕದ ಎಂಟು ಮನೆಗಳು ಪಂಜರಗಳೊಳಗಿದ್ದು ಅವುಗಳ ಮೊತ್ತ 38 ಆದರೆ, ಒಂಬತ್ತನೆಯ ಮನೆಯಲ್ಲಿ 7. ಒಂದಂಕಿಯೂ ಕೊಡದೆ ಒಂದಂಕಿ ಸಿಕ್ಕಿತು!

ಥರ್ಮಾಮೀಟರ್ ಸುಡೊಕು ಇನ್ನೂ ಸುಲಭ. ಮನೆಗಳ ಮೇಲೆ ಬರೆದ ಥರ್ಮಾಮೀಟರಿನ ಚಿತ್ರದಲ್ಲಿ ಬುಡದ ಉಂಡೆಯಿಂದ ತುದಿಯತ್ತ ಅಂಕಿಗಳು ಏರುತ್ತಾ ಹೋಗಬೇಕು. ಆರು ಮನೆಯದಾದರೆ ಬುಡದಲ್ಲಿ 4ಕ್ಕಿಂತ ದೊಡ್ಡದು ಕೂರದು, ತುದಿಯಲ್ಲಿ 6ಕ್ಕಿಂತ ಚಿಕ್ಕದು ಕೂರದು. ಇಷ್ಟೇ.

ನನಗೆ ಜಾಸ್ತಿ ಇಷ್ಟ ಕಪ್ಪು ಚುಕ್ಕಿಯ ಕ್ರಾಪ್ಕಿ ಸುಡೊಕು. ಎರಡು ಮನೆಗಳ ನಡುವೆ ಕಪ್ಪು ಚುಕ್ಕಿ ಇದ್ದರೆ ಒಂದು ಇನ್ನೊಂದರ ದುಪ್ಪಟ್ಟು. 5, 7, 9 ಅಲ್ಲಿಗೆ ಕಾಲಿಡಲೂ ಆಗದು. ಈಗ ಒಂದೇ ಸಾಲಿನಲ್ಲಿ ಒತ್ತಾಗಿರುವ ಮೂರು ಮನೆ, ನಡುವೆ ಎರಡು ಕಪ್ಪು ಚುಕ್ಕಿ ಎಂದುಕೊಳ್ಳಿ. 1-2-4 ಅಥವಾ 2-4-8, ಈ ಕಡೆಯಿಂದಲೋ ಆ ಕಡೆಯಿಂದಲೋ. ಬೇರೆ ದಾರಿಯೇ ಇಲ್ಲ. ಎರಡರಲ್ಲೂ 2 ಮತ್ತು 4 ಇವೆ. ಹಾಗಾಗಿ ಆ ಸಾಲಿನ ಉಳಿದ ಆರು ಮನೆಗಳಲ್ಲಿ ಅವು ಬರುವಂತಿಲ್ಲ. ಇನ್ನೂ ಒಂದು ಮನೆ ತುಂಬಿಲ್ಲ, ಆಗಲೇ ಇಷ್ಟು ಗೊತ್ತಾಯಿತು.

ಹೊಸಬರು ಎಡವುವುದೂ ಇಲ್ಲೇ. ಸುಮ್ನೆ ಪ್ರತಿ ಮನೆಯಲ್ಲೂ ಬರಬಹುದಾದ ಅಂಕಿಗಳನ್ನೆಲ್ಲ ಪುಟ್ಟದಾಗಿ ಬರೆಯುತ್ತಾ ಕೂರುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಮನೆಗಳೆಲ್ಲ ಇರುವೆ ಮುತ್ತಿದಂತೆ ಕಾಣುತ್ತಿದ್ದವು, ಉತ್ತರ ಮಾತ್ರ ಇಲ್ಲ. ನಿಯಮ ಬಿಗಿಯಾಗಿರುವ ಕಡೆ ಮೊದಲು ನೋಡಬೇಕು: ಉದ್ದನೆಯ ಥರ್ಮಾಮೀಟರ್, ತೀರಾ ಚಿಕ್ಕ ಅಥವಾ ತೀರಾ ದೊಡ್ಡ ಮೊತ್ತದ ಪಂಜರ.

ಇನ್ನೊಂದು ಎಡವಟ್ಟು, ಇಲ್ಲದ ನಿಯಮವನ್ನು ನಾವೇ ಸೇರಿಸಿಕೊಳ್ಳುವುದು. ಬಾಣದ ಸುಡೊಕುವಿನಲ್ಲಿ ಬಾಣದ ಮೇಲಿನ ಅಂಕಿಗಳನ್ನು ಕೂಡಿದರೆ ಅದರ ಬುಡದ ವೃತ್ತದಲ್ಲಿರುವ ಅಂಕಿ ಬರಬೇಕು. ಬಾಣದ ಮೇಲೆ ಅಂಕಿ ಮರುಕಳಿಸಬಾರದು ಎಂದು ಯಾರೂ ಹೇಳಿಲ್ಲ. ಎರಡು ಮನೆಗಳು ಒಂದೇ ಸಾಲು, ಒಂದೇ ಚೌಕದಲ್ಲಿ ಇಲ್ಲದಿದ್ದರೆ ಎರಡರಲ್ಲೂ 2 ಇರಬಹುದು. ಇದು ಗೊತ್ತಿಲ್ಲದೆ ಒಂದಿಡೀ ಸಂಜೆ ಕಳೆದವನು ನಾನು.