ವ್ಯಾಪಾರಿ, ಕೌನ್ಸಿಲ್ ಮೆಂಬರ್, ಜಡ್ಜ್: ಸ್ಯಾಮ್ಯುಯೆಲ್ ಸ್ಯೂಯಲ್ ಬಗ್ಗೆ ಸ್ಟಡಿ ನೋಟ್ಸ್

ಅಮೆರಿಕದ ವಸಾಹತು ಕಾಲದ ಹಿಸ್ಟರಿ ಓದೋರೆಲ್ಲ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ ಚಾಪ್ಟರ್ ಬಂದಾಗ ಮಾಟಗಾತಿ ವಿಚಾರಣೆ, 1692, 19 ಜನಕ್ಕೆ ಗಲ್ಲು, ಆಮೇಲೆ ಒಬ್ಬ ಜಡ್ಜ್ ಚರ್ಚಲ್ಲಿ ಎದ್ದುನಿಂತು ತಪ್ಪು ಒಪ್ಕೊಂಡ ಅಂತ ನಾಲ್ಕು ಲೈನ್ ಬರ್ಕೊಂಡು ಮುಂದಕ್ಕೆ ಹೋಗ್ಬಿಡ್ತಾರೆ. ಆ ಜಡ್ಜೇ ಸ್ಯಾಮ್ಯುಯೆಲ್ ಸ್ಯೂಯಲ್. ನನಗನ್ಸೋದು ಏನಂದ್ರೆ ಇವ್ನು ಜಡ್ಜ್ ಆಗಿದ್ದು ಹೇಗೆ ಅನ್ನೋದನ್ನ ಮೊದ್ಲು ತಿಳ್ಕೊಂಡ್ರೆ ಸೇಲಂ ಕೋರ್ಟು ಯಾಕೆ ಹಾಗೆ ನಡೀತು ಅನ್ನೋದು ಅರ್ಧ ತಾನಾಗೇ ಅರ್ಥ ಆಗುತ್ತೆ, ಅದಕ್ಕೇ ಇಲ್ಲಿ ಹುಟ್ಟಿನಿಂದ ಶುರು ಮಾಡ್ತಿದೀನಿ.

ಹುಟ್ಟಿದ್ದು 1652ರಲ್ಲಿ, ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಬಿಷಪ್‌ಸ್ಟೋಕ್ ಅನ್ನೋ ಊರು. 1661ರಲ್ಲಿ, ಅಂದ್ರೆ ಒಂಬತ್ತು ವರ್ಷದ ಹುಡುಗ ಆಗಿದ್ದಾಗ ಮನೆಯವರ ಜೊತೆ ಮ್ಯಾಸಚೂಸೆಟ್ಸ್‌ಗೆ ಬಂದು ನ್ಯೂಬರಿಯಲ್ಲಿ ಬೆಳೆದ. ಹಾರ್ವರ್ಡ್‌ನಲ್ಲಿ 1671ಕ್ಕೆ ಡಿಗ್ರಿ, 1674ಕ್ಕೆ ಎಂಎ. ಆ ಕಾಲದ ಹಾರ್ವರ್ಡ್ ಅಂದ್ರೆ ಬಹುಪಾಲು ಪಾದ್ರಿಗಳನ್ನ ತಯಾರು ಮಾಡೋ ಜಾಗ, ಇವ್ನೂ ಆ ದಾರಿ ಹಿಡಿಬಹುದಿತ್ತು. ಆದ್ರೆ 1676ರಲ್ಲಿ ಹ್ಯಾನಾ ಹಲ್ ಜೊತೆ ಮದುವೆ ಆಯ್ತು ನೋಡಿ, ಅಲ್ಲಿಂದ ಲೈಫೇ ಬೇರೆ ಕಡೆ ತಿರುಗ್ತು.

ಹ್ಯಾನಾಳ ಅಪ್ಪ ಜಾನ್ ಹಲ್ ಬಾಸ್ಟನ್ನಿನ ಟಂಕಸಾಲೆ ಯಜಮಾನ, ಜೊತೆಗೆ ದೊಡ್ಡ ವ್ಯಾಪಾರಿ. ಪೈನ್ ಮರದ ಚಿತ್ರ ಇರೋ ಬೆಳ್ಳಿ ಶಿಲ್ಲಿಂಗ್ ಗೊತ್ತಿರಬಹುದು, ಅದನ್ನ ಹೊಡೆದಿದ್ದು ಇವ್ನೇ. ಮಗಳನ್ನ ತಕ್ಕಡಿಯಲ್ಲಿ ಕೂರಿಸಿ ಅವಳ ತೂಕದಷ್ಟು ಶಿಲ್ಲಿಂಗ್ ಕೊಟ್ಟ ಅಂತ ಒಂದು ಕತೆ ಇದೆ, ಅದು ಕತೆ ಅಷ್ಟೇ, ಎಕ್ಸಾಮ್‌ನಲ್ಲಿ ಬರೀಬೇಡಿ. ಕೊಟ್ಟಿದ್ದು 500 ಪೌಂಡ್, ಅದೂ ಕಂತಿನಲ್ಲಿ. 1683ರಲ್ಲಿ ಮಾವ ತೀರ್ಕೊಂಡ ಮೇಲೆ ಆ ವ್ಯವಹಾರ, ಜಮೀನು, ಸಂಬಂಧಗಳು ಎಲ್ಲ ಬಹುಮಟ್ಟಿಗೆ ಸ್ಯೂಯಲ್ ಕೈಗೆ ಬಂತು. ಮೀನು, ತಿಮಿಂಗಿಲದ ಎಣ್ಣೆ ಇಂಥದ್ದು ಹೊರಗೆ ಕಳ್ಸೋದು, ವೆಸ್ಟ್ ಇಂಡೀಸ್ ಸಕ್ಕರೆ, ಇಂಗ್ಲೆಂಡಿನ ಸಾಮಾನು ತರಿಸ್ಕೊಳ್ಳೋದು, ಬಾಸ್ಟನ್ ವ್ಯಾಪಾರ ಅಂದ್ರೆ ಇದೇ. ಮಧ್ಯೆ 1681ರಿಂದ 1684ರವರೆಗೆ ಬಾಸ್ಟನ್ನಿನ ಪ್ರಿಂಟಿಂಗ್ ಪ್ರೆಸ್ಸನ್ನೂ ನೋಡ್ಕೊಂಡಿದ್ದ.

ಇಲ್ಲಿ ಒಂದು ಪಾಯಿಂಟ್ ಗಟ್ಟಿಯಾಗಿ ಹಿಡ್ಕೊಳ್ಳಿ. ಹಳೇ ಚಾರ್ಟರ್ (ವಸಾಹತಿನ ಆಡಳಿತಕ್ಕೆ ರಾಜ ಕೊಟ್ಟ ಸನ್ನದು) ಕಾಲದ ಮ್ಯಾಸಚೂಸೆಟ್ಸ್‌ನಲ್ಲಿ ಶಾಸನ ಮಾಡೋರು ಬೇರೆ, ತೀರ್ಪು ಕೊಡೋರು ಬೇರೆ ಅನ್ನೋ ವ್ಯವಸ್ಥೆ ಇರ್ಲಿಲ್ಲ. ಅಸಿಸ್ಟೆಂಟ್, ಅಂದ್ರೆ ಕೌನ್ಸಿಲ್ ಮೆಂಬರ್ ಅಂತ ಆಯ್ಕೆ ಆದವ್ರು ಗವರ್ನರ್‌ಗೆ ಸಲಹೆನೂ ಕೊಡ್ತಿದ್ರು, ಮೇಲ್ಮನೆಯಾಗಿ ಕಾನೂನೂ ಮಾಡ್ತಿದ್ರು, ಅದೇ ಜನ ಮೇಲಿನ ಕೋರ್ಟಾಗಿ ಕೂತು ಕೇಸೂ ಕೇಳ್ತಿದ್ರು. ಸ್ಯೂಯಲ್ 1677ರಲ್ಲಿ ಬಾಸ್ಟನ್ನಿನ ಥರ್ಡ್ ಚರ್ಚ್‌ಗೆ ಸೇರ್ಕೊಂಡ, 1683ರಲ್ಲಿ ಡೆಪ್ಯುಟಿ, ಅಂದ್ರೆ ಕೆಳಮನೆ ಸದಸ್ಯ ಆದ, ಮರುವರ್ಷವೇ ಅಸಿಸ್ಟೆಂಟ್. ದುಡ್ಡು, ಚರ್ಚು, ಕೌನ್ಸಿಲ್, ಕೋರ್ಟು, ನಾಲ್ಕೂ ಒಂದೇ ಏಣಿಯ ಮೆಟ್ಟಿಲು. ಲಾ ಓದಿರ್ಬೇಕು ಅನ್ನೋ ಮೆಟ್ಟಿಲೇ ಅದ್ರಲ್ಲಿ ಇಲ್ಲ.

ಆಮೇಲೆ ಚಾರ್ಟರ್ ರದ್ದಾಗಿದ್ದು, ರಾಜ ಕಳ್ಸಿದ ಗವರ್ನರ್ ಆಂಡ್ರೋಸ್ ಬಂದು ಹಳೇ ಜಮೀನು ಪತ್ರಗಳೆಲ್ಲ ನಡೆಯಲ್ಲ ಅಂದಿದ್ದು, 1688ರ ಕೊನೆಗೆ ಸ್ಯೂಯಲ್ ಇಂಗ್ಲೆಂಡಿಗೆ ಹೋಗಿ ಮರುವರ್ಷ ವಾಪಸ್ ಬಂದಿದ್ದು, ಇದನ್ನೆಲ್ಲ ಟೆಕ್ಸ್ಟ್‌ಬುಕ್ಕಲ್ಲೇ ನೋಡ್ಕೊಳ್ಳಿ. ನಮಗೆ ಬೇಕಾಗಿದ್ದು 1692ರ ಮೇ. ಹೊಸ ಚಾರ್ಟರ್ ತಗೊಂಡು ಗವರ್ನರ್ ವಿಲಿಯಂ ಫಿಪ್ಸ್ ಬಂದಿಳಿದಾಗ ಜೈಲುಗಳು ಮಾಟದ ಆರೋಪ ಹೊತ್ತವ್ರಿಂದ ತುಂಬಿದ್ವು, ಹೊಸ ಕೋರ್ಟು ವ್ಯವಸ್ಥೆ ಇನ್ನೂ ರೆಡಿ ಇರ್ಲಿಲ್ಲ, ಅದಕ್ಕೆ ಓಯರ್ ಅಂಡ್ ಟರ್ಮಿನರ್ ಅಂತ ಒಂದು ಸ್ಪೆಷಲ್ ಕೋರ್ಟು ಮಾಡಿ ಒಂಬತ್ತು ಜನ ಜಡ್ಜ್‌ಗಳನ್ನ ಕೂರಿಸ್ದ. ಮುಖ್ಯಸ್ಥ ವಿಲಿಯಂ ಸ್ಟೌಟನ್. ಪೀಟರ್ ಸಾರ್ಜೆಂಟ್, ಜಾನ್ ರಿಚರ್ಡ್ಸ್, ಜಾನ್ ಹಾಥಾರ್ನ್, ಜೊನಾಥನ್ ಕಾರ್ವಿನ್ ಇವ್ರೆಲ್ಲ ಸ್ಯೂಯಲ್ ತರಾನೇ ವ್ಯಾಪಾರ ಮಾಡ್ಕೊಂಡಿದ್ದವ್ರು. ವಕೀಲಿಕೆ ಕಲಿತವ್ರು ಒಬ್ಬರೂ ಇಲ್ಲ.

ಈ ಕೋರ್ಟಿನ ದೊಡ್ಡ ತಪ್ಪು ಇದ್ದಿದ್ದು ಸಾಕ್ಷ್ಯದ ವಿಷಯದಲ್ಲಿ. ಸ್ಪೆಕ್ಟ್ರಲ್ ಎವಿಡೆನ್ಸ್ ಅಂತಾರಲ್ಲ ಅದು. ಅಂದ್ರೆ, ಒಬ್ಬ ಹುಡುಗಿ ಬಂದು ಇಂಥವಳ ಆಕಾರ ರಾತ್ರಿ ನನ್ನ ಹತ್ರ ಬಂತು, ಕತ್ತು ಹಿಸುಕ್ತು, ಚುಚ್ತು ಅಂತ ಹೇಳಿದ್ರೆ ಅದನ್ನ ಸಾಕ್ಷಿಯಾಗಿ ತಗೊಳ್ಳೋದು. ಆರೋಪಿ ಏನು ಮಾಡ್ಬೇಕು ಹೇಳಿ? ನಾನಾಗ ಮನೇಲಿದ್ದೆ, ಹತ್ತು ಜನ ನೋಡಿದಾರೆ ಅಂದ್ರೂ ಉಪಯೋಗ ಇಲ್ಲ, ಬಂದಿದ್ದು ದೇಹ ಅಲ್ಲ ಆಕಾರ ತಾನೇ! ಸೈತಾನ ನಿರಪರಾಧಿಯ ರೂಪಾನೂ ತಾಳಬಹುದು ಅಂತ ಆಗ್ಲೇ ಕೆಲವು ಪಾದ್ರಿಗಳು ಎಚ್ಚರಿಸಿದ್ರು, ಕೋರ್ಟು ಕಿವಿಗೆ ಹಾಕ್ಕೊಳ್ಲಿಲ್ಲ. ಇನ್ನೊಂದು ಭಯಂಕರ ಸಂಗತಿ, ನಾನು ಮಾಟ ಮಾಡಿದೀನಿ ಅಂತ ಒಪ್ಕೊಂಡವ್ರು ಆ ವರ್ಷ ಉಳ್ಕೊಂಡ್ರು, ಇಲ್ಲ ಅಂತ ಸತ್ಯ ಹೇಳ್ತಾ ನಿಂತವ್ರು ಗಲ್ಲಿಗೆ ಹೋದ್ರು. ಜೂನ್ 10ಕ್ಕೆ ಬ್ರಿಜೆಟ್ ಬಿಷಪ್, ಜುಲೈ 19ಕ್ಕೆ ಐದು ಜನ, ಆಗಸ್ಟ್ 19ಕ್ಕೆ ಐದು, ಸೆಪ್ಟೆಂಬರ್ 22ಕ್ಕೆ ಎಂಟು, ಒಟ್ಟು 19. ಬ್ರಿಜೆಟ್ ಬಿಷಪ್ ಕೇಸ್ ಆದ್ಮೇಲೆ ನಥಾನಿಯಲ್ ಸಾಲ್ಟನ್‌ಸ್ಟಾಲ್ ಅನ್ನೋ ಜಡ್ಜ್ ರಾಜೀನಾಮೆ ಕೊಟ್ಟು ಹೋದ. ಸ್ಯೂಯಲ್ ಹೋಗ್ಲಿಲ್ಲ. ಹೋಗೋಕೆ ದಾರಿ ಇತ್ತು ಅನ್ನೋದು ಇದ್ರಿಂದ ಗೊತ್ತಾಗುತ್ತೆ, ಅದಕ್ಕೇ ಸಾಲ್ಟನ್‌ಸ್ಟಾಲ್ ಹೆಸ್ರನ್ನ ಮರೀಬೇಡಿ.

ಸ್ಯೂಯಲ್ 1674ರಿಂದ 1729ರವರೆಗೆ ಡೈರಿ ಬರ್ದಿದಾನೆ, ಮಧ್ಯೆ ಕೆಲವು ವರ್ಷದ್ದು ಇಲ್ಲ. ಅದ್ರಲ್ಲಿ ಸೇಲಂ ಬಗ್ಗೆ ಇರೋದು ಬಹಳ ಕಮ್ಮಿ, ಇರೋ ಸ್ವಲ್ಪ ಓದಿದ್ರೆ ಹೊಟ್ಟೆ ಕಿವುಚುತ್ತೆ. ಸೆಪ್ಟೆಂಬರ್ 19ರ ಎಂಟ್ರಿ ನೋಡಿ: ಜೈಲ್ಸ್ ಕೋರಿ ಕೋರ್ಟಿನ ಮುಂದೆ ಬಾಯಿ ಬಿಡದೆ ಇದ್ದಿದ್ದಕ್ಕೆ ಅವನ ಮೇಲೆ ಭಾರ ಹೇರಿ ಮಧ್ಯಾಹ್ನದ ಹೊತ್ತಿಗೆ ಸಾಯಿಸಿದ್ರು, ಎರಡು ದಿನ ಅವನನ್ನ ಒಪ್ಸೋಕೆ ಪ್ರಯತ್ನ ಪಟ್ರು, ಆಗ್ಲಿಲ್ಲ ಅಂತ. ಆಗಸ್ಟ್ 19ರದ್ದು ಇನ್ನೂ ಕಷ್ಟ. ಅವತ್ತು ಗಲ್ಲಿಗೆ ಹೋದವ್ರಲ್ಲಿ ಜಾರ್ಜ್ ಬರೋಸ್ ಅನ್ನೋ ಪಾದ್ರಿ, ಹಾರ್ವರ್ಡ್‌ನಲ್ಲಿ ಸ್ಯೂಯಲ್‌ಗಿಂತ ಒಂದೇ ವರ್ಷ ಸೀನಿಯರ್. ಸಾಯೋ ಮುಂಚೆ ಅವ್ನು ಮಾಡಿದ ಪ್ರಾರ್ಥನೆ, ನಾನು ನಿರಪರಾಧಿ ಅಂದ ಮಾತು ವಿಚಾರ ಮಾಡದ ಜನರ ಮನಸ್ಸನ್ನ ಕಲಕ್ತು ಅಂತ ಸ್ಯೂಯಲ್ ಬರೀತಾನೆ. ವಿಚಾರ ಮಾಡದ ಜನರಂತೆ! ಅವತ್ತು ಸ್ಯೂಯಲ್ ಮನಸ್ಸು ಯಾವ ಕಡೆ ಇತ್ತು ಅನ್ನೋಕೆ ಈ ಒಂದು ಮಾತು ಸಾಕು.

ಅಕ್ಟೋಬರ್ ಕೊನೆಗೆ ಫಿಪ್ಸ್ ಆ ಕೋರ್ಟನ್ನ ಮುಚ್ದ. ಡಿಸೆಂಬರ್‌ನಲ್ಲಿ ಹೊಸ ಸುಪೀರಿಯರ್ ಕೋರ್ಟಿಗೆ ಸ್ಯೂಯಲ್ ಜಡ್ಜಾಗಿ ನೇಮಕ ಆದ, 1693ರ ಜನವರಿಯಿಂದ ಕೇಸ್ ಕೇಳೋಕೆ ಶುರು, ಮುಖ್ಯಸ್ಥ ಮತ್ತೆ ಸ್ಟೌಟನ್ನೇ. ಆದ್ರೆ ಈ ಸಲ ಆಕಾರದ ಸಾಕ್ಷಿ ನಡೆಯಲ್ಲ ಅಂದ್ರು, ಅಷ್ಟೇ, ಉಳಿದವ್ರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಖುಲಾಸೆ ಆದ್ರು, ಯಾರೂ ಗಲ್ಲಿಗೆ ಹೋಗ್ಲಿಲ್ಲ. ಬೆಂಚ್ ಮೇಲೆ ಬಹುಪಾಲು ಹಳೇ ಮುಖಗಳೇ, ಬದಲಾಗಿದ್ದು ಸಾಕ್ಷ್ಯದ ನಿಯಮ. ಲಾ ಸ್ಟೂಡೆಂಟ್ಸ್‌ಗೆ ಸೇಲಂನಲ್ಲಿ ಇದಕ್ಕಿಂತ ದೊಡ್ಡ ವಿಷಯ ಬೇರೆ ಇಲ್ಲ ಅನ್ಸುತ್ತೆ ನನಗೆ.

ಕ್ಷಮೆ ಕೇಳೋಕೆ ನಾಲ್ಕು ವರ್ಷಕ್ಕಿಂತ ಹೆಚ್ಚು ಹಿಡೀತು. ಸ್ಯೂಯಲ್ ಮತ್ತು ಹ್ಯಾನಾಗೆ 14 ಮಕ್ಕಳು, ಅದ್ರಲ್ಲಿ ಎಷ್ಟೋ ಮಕ್ಕಳನ್ನ ಮಣ್ಣು ಮಾಡಿದ್ರು. 1696ರ ಮೇನಲ್ಲಿ ಒಂದು ಮಗು ಹುಟ್ಟುವಾಗ್ಲೇ ಸತ್ತಿತ್ತು, ಡಿಸೆಂಬರ್ 23ಕ್ಕೆ ಪುಟ್ಟ ಮಗಳು ಸಾರಾ ಹೋದ್ಳು. ಮರುದಿನ ಮಗ ಸ್ಯಾಮ್ ಅಪ್ಪನಿಗೆ ಲ್ಯಾಟಿನ್‌ನಲ್ಲಿ ಬೈಬಲ್‌ನ ಮತ್ತಾಯನ ಸುವಾರ್ತೆ 12ನೇ ಅಧ್ಯಾಯ ಓದಿ ಹೇಳ್ತಿದ್ದಾಗ 7ನೇ ವಚನ ಬಂತು, ನನಗೆ ಬೇಕಾಗಿರೋದು ಕರುಣೆ, ಬಲಿ ಅಲ್ಲ ಅನ್ನೋದನ್ನ ತಿಳಿದಿದ್ರೆ ನಿರಪರಾಧಿಗಳಿಗೆ ಶಿಕ್ಷೆ ಕೊಡ್ತಿರ್ಲಿಲ್ಲ ಅನ್ನೋ ಅರ್ಥದ್ದು. ಅದನ್ನ ಕೇಳಿ ಸೇಲಂ ದುರಂತ ಭಯಂಕರವಾಗಿ ನೆನಪಾಯ್ತು ಅಂತ ಡೈರಿಯಲ್ಲಿ ಬರ್ಕೊಂಡಿದಾನೆ. ಮಗಳ ಹೆಣ ಮನೇಲಿ, ಮಗನ ಬಾಯಲ್ಲಿ ಆ ವಚನ.

ಮೂರು ವಾರಕ್ಕೆ, 1697ರ ಜನವರಿ 14, ಇಡೀ ಪ್ರಾಂತ್ಯಕ್ಕೆ ಉಪವಾಸದ ದಿನ ಅಂತ ಘೋಷಣೆ ಆಗಿತ್ತು. ಪಾದ್ರಿ ಸ್ಯಾಮ್ಯುಯೆಲ್ ವಿಲ್ಲಾರ್ಡ್ ಪಕ್ಕದಲ್ಲಿ ಹಾದು ಹೋಗುವಾಗ ಸ್ಯೂಯಲ್ ಒಂದು ಚೀಟಿ ಅವನ ಕೈಗೆ ಕೊಟ್ಟ, ಅವನು ಸಭೆ ಮುಂದೆ ಓದೋವಾಗ ಎದ್ದುನಿಂತ, ಓದಿ ಮುಗಿದ ಮೇಲೆ ತಲೆಬಾಗಿದ. ಸೇಲಂ ಕೋರ್ಟಿನ ಪಾಪದಲ್ಲಿ ನನಗೆ ಗೊತ್ತಿರೋ ಎಲ್ಲರಿಗಿಂತ ನನ್ನ ಪಾಲು ಹೆಚ್ಚು, ಅದರ ದೋಷ ಮತ್ತು ನಾಚಿಕೆ ನಾನು ಹೊರ್ತೀನಿ, ಜನರ ಕ್ಷಮೆ ಕೇಳ್ತೀನಿ ಅನ್ನೋದು ಅದರ ಸಾರ. 12 ಜನ ಜ್ಯೂರಿಗಳೂ ಬರವಣಿಗೆಯಲ್ಲಿ ಕ್ಷಮೆ ಕೇಳಿದ್ರು. ಸ್ಟೌಟನ್ ಮಾತ್ರ ಕೊನೇವರೆಗೂ ತಪ್ಪು ಒಪ್ಕೊಳ್ಲಿಲ್ಲ. ಡೇಟ್ ವಿಷಯದಲ್ಲಿ ಹುಷಾರು: ಆಗ ಹೊಸ ವರ್ಷ ಮಾರ್ಚ್ 25ಕ್ಕೆ ಶುರು ಆಗ್ತಿತ್ತು, ಹಾಗಾಗಿ ಕೆಲವು ಕಡೆ ಇದನ್ನೇ 1696 ಅಂತ ನೋಡ್ತೀರ, ಎರಡೂ ಒಂದೇ ದಿನ.

ಕ್ಷಮೆ ಬೇರೆ, ಕಾನೂನಿನ ಪರಿಹಾರ ಬೇರೆ, ಇದನ್ನ ಕಲಸಬೇಡಿ. ಶಿಕ್ಷೆ ರದ್ದು ಮಾಡಿ ಕುಟುಂಬಗಳಿಗೆ 578 ಪೌಂಡ್ 12 ಶಿಲ್ಲಿಂಗ್ ಕೊಡೋ ತೀರ್ಮಾನ ಆಗಿದ್ದು 1711ರಲ್ಲಿ, ಅದ್ರಲ್ಲೂ ಎಲ್ಲರ ಹೆಸರು ಇರ್ಲಿಲ್ಲ. ಬಿಟ್ಟುಹೋಗಿದ್ದ ಎಲಿಜಬೆತ್ ಜಾನ್ಸನ್ ಜೂನಿಯರ್ ಅನ್ನೋಳ ಹೆಸರು ಕಳಂಕ ಕಳ್ಕೊಂಡಿದ್ದು 2022ರಲ್ಲಿ!

ಈಗ ಜಾಸ್ತಿ ಜನ ಓದದೆ ಬಿಡೋ ಭಾಗ. 1700ರ ಜೂನ್ 24ರ ತಾರೀಕು ಹಾಕಿ ಸ್ಯೂಯಲ್ ಮೂರೇ ಪುಟದ ಒಂದು ಬರಹ ಅಚ್ಚು ಮಾಡ್ಸಿದ, ದಿ ಸೆಲ್ಲಿಂಗ್ ಆಫ್ ಜೋಸೆಫ್ ಅಂತ. ನ್ಯೂ ಇಂಗ್ಲೆಂಡಿನಲ್ಲಿ ಗುಲಾಮಗಿರಿ ವಿರುದ್ಧ ಅಚ್ಚಾದ ಮೊದಲ ಬರಹ ಅಂತ ಇದನ್ನ ಗುರುತಿಸ್ತಾರೆ. ಬೆಲೆಯಲ್ಲಿ ಪ್ರಾಣ ಬಿಟ್ರೆ ಸ್ವಾತಂತ್ರ್ಯವೇ ದೊಡ್ಡದು ಅಂತ ಶುರು ಮಾಡಿ, ಎಲ್ಲರೂ ಆದಾಮನ ಮಕ್ಕಳೇ, ಬೈಬಲ್‌ನಲ್ಲಿ ಅಣ್ಣಂದಿರು ಯೋಸೇಫನನ್ನ 20 ಬೆಳ್ಳಿ ನಾಣ್ಯಕ್ಕೆ ಮಾರಿದ್ರಲ್ಲ ಹಾಗೆ ಮಾರೋ ಹಕ್ಕು ಯಾರಿಗೂ ಇಲ್ಲ ಅಂತಾನೆ, ಆಮೇಲೆ ಎದುರಾಳಿಗಳು ಹೇಳೋ ನೆಪಗಳನ್ನ ಒಂದೊಂದಾಗಿ ಎತ್ಕೊಂಡು ಉತ್ತರ ಕೊಡ್ತಾನೆ. ಅವ್ರು ಯುದ್ಧದಲ್ಲಿ ಸಿಕ್ಕ ಸೆರೆಯಾಳುಗಳು ತಾನೇ, ಕ್ರೈಸ್ತ ದೇಶಕ್ಕೆ ತಂದ್ರೆ ಅವ್ರಿಗೇ ಒಳ್ಳೇದಲ್ವಾ, ಇಂಥವು. ಆದ್ರೆ ಅದೇ ಮೂರು ಪುಟದಲ್ಲಿ ಆಫ್ರಿಕಾದವ್ರು ನಮ್ಮ ಜೊತೆ ಒಂದೇ ಸಮಾಜವಾಗಿ ಬೆರೆಯೋಕೆ ಆಗಲ್ಲ ಅಂತಾನೂ ಬರ್ದಿದಾನೆ. ನನಗೆ ಇಷ್ಟವಾದ ವ್ಯಕ್ತಿ ಅಂತ ನಾನು ಈ ಸಾಲನ್ನ ನೋಟ್ಸಿಂದ ಬಿಡಲ್ಲ, ನೀವೂ ಬಿಡ್ಬೇಡಿ.

ಇದಕ್ಕೆ 1701ರಲ್ಲಿ ಉತ್ತರ ಬರ್ದು ಅಚ್ಚು ಹಾಕ್ಸಿದವ್ನು ಜಾನ್ ಸಾಫಿನ್. ಇವ್ನೂ ಬಾಸ್ಟನ್ ವ್ಯಾಪಾರಿ, ಇವ್ನೂ ರಾಜಕಾರಣಿ, ಅದೇ ವರ್ಷ ಅದೇ ಸುಪೀರಿಯರ್ ಕೋರ್ಟಿಗೆ ಜಡ್ಜ್. ಗುಲಾಮರ ವ್ಯಾಪಾರದಲ್ಲೂ ಕೈ ಇತ್ತು. ಜಗಳ ಇದ್ದಿದ್ದು ಸಾಫಿನ್ ಹತ್ರ ಗುಲಾಮನಾಗಿದ್ದ ಆಡಮ್ ಅನ್ನೋ ಮನುಷ್ಯನ ಬಗ್ಗೆ. 1694ರಲ್ಲಿ ಸಾಫಿನ್ ತನ್ನ ಫಾರ್ಮ್ ಜೊತೆ ಆಡಮ್‌ನನ್ನೂ ಗೇಣಿದಾರನಿಗೆ ಬಿಟ್ಟುಕೊಟ್ಟು, ಏಳು ವರ್ಷ ಚೆನ್ನಾಗಿ ದುಡಿದ್ರೆ ಬಿಡುಗಡೆ ಅಂತ ಬರ್ದು ಕೊಟ್ಟಿದ್ದ, ಟೈಮ್ ಮುಗಿದಾಗ ಇವ್ನು ಸರಿಯಾಗಿ ದುಡಿದಿಲ್ಲ, ಬಿಡಲ್ಲ ಅಂದ. ಆಡಮ್ ಸ್ಯೂಯಲ್ ಹತ್ರ ಬಂದ. ಕೇಸು ಕೋರ್ಟಿಂದ ಕೋರ್ಟಿಗೆ ಅಲೆದು, ಒಂದು ಸಲ ಸೋತು, ಕೊನೆಗೆ 1703ರಲ್ಲಿ ಆಡಮ್ ಗೆದ್ದ. ಒಂದೇ ಊರು, ಒಂದೇ ಕಸುಬು, ಒಂದೇ ಬೆಂಚಿನ ಇಬ್ಬರು ಹೀಗೆ ಎದುರುಬದುರು ನಿಂತಿದ್ದನ್ನ ಓದಿದ್ರೆ, ಆ ಕಾಲದಲ್ಲಿ ಎಲ್ಲರೂ ಹಾಗೇ ಯೋಚಿಸ್ತಿದ್ರು ಅನ್ನೋ ಮಾತು ನಿಲ್ಲಲ್ಲ.

ಆಮೇಲೂ ಗೆಲುವೇನೂ ಸುಲಭ ಇರ್ಲಿಲ್ಲ. 1716ರಲ್ಲಿ ತೆರಿಗೆ ಲೆಕ್ಕದಲ್ಲಿ ಇಂಡಿಯನ್ನರನ್ನ (ಅಮೆರಿಕದ ಮೂಲನಿವಾಸಿಗಳನ್ನ), ನೀಗ್ರೋಗಳನ್ನ ಕುದುರೆ ಹಂದಿಗಳ ಜೊತೆ ಸೇರಿಸೋದನ್ನ ತಡೆಯೋಕೆ ನೋಡ್ದೆ, ಆಗ್ಲಿಲ್ಲ ಅಂತ ಡೈರಿಯಲ್ಲಿದೆ. 1718ರಿಂದ 1728ರವರೆಗೆ ಪ್ರಾಂತ್ಯದ ಚೀಫ್ ಜಸ್ಟಿಸ್. 1730ರ ಜನವರಿ 1ಕ್ಕೆ ಬಾಸ್ಟನ್ನಲ್ಲಿ ತೀರ್ಕೊಂಡ.

ಡೈರಿಯನ್ನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ 1878ರಿಂದ 1882ರ ನಡುವೆ ಅಚ್ಚು ಮಾಡ್ಸಿದೆ. ಪೂರ್ತಿ ಓದೋಕೆ ಟೈಮ್ ಇಲ್ಲ ಅಂದ್ರೆ 1692ರ ಏಪ್ರಿಲ್ 11, ಆಗಸ್ಟ್ 19, ಸೆಪ್ಟೆಂಬರ್ 19, ಆಮೇಲೆ 1696ರ ಡಿಸೆಂಬರ್ 24, 1697ರ ಜನವರಿ 14 ಇಷ್ಟನ್ನ ಅದೇ ಕ್ರಮದಲ್ಲಿ ಓದಿ, ಮುಗಿಸಿದ ಕೂಡ್ಲೇ ಆ ಮೂರು ಪುಟದ ಬರಹ ತಗೊಳ್ಳಿ. ಹಳೇ ಇಂಗ್ಲಿಷು, ಸ್ವಲ್ಪ ನಿಧಾನ ಆಗುತ್ತೆ, ಆದ್ರೂ ಒಂದೇ ಸಿಟ್ಟಿಂಗಲ್ಲಿ ಓದಿ.