ರಿಸೆಟ್ ಮಾಡಿದರೆ ಹಳೇ ವಾಚ್ ವಾಪಸ್ ಬರಲ್ಲ

"ಎರಡು ಸಲ ರಿಸೆಟ್ ಮಾಡ್ದೆ ಸರ್. ಆದ್ರೂ ಮೊದಲಿನ ಥರ ಆಗ್ತಿಲ್ಲ."

ಸ್ಮಾರ್ಟ್‌ವಾಚ್‌ಗೆ ದೊಡ್ಡ ಅಪ್‌ಡೇಟ್ ಬಂತು ಅಂದರೆ ನನ್ನ ಸರ್ವಿಸ್ ಟೇಬಲ್ ಮುಂದೆ ಈ ಮಾತು ಶುರುವಾಗುತ್ತದೆ. ಹೇಳುವವರ ಮುಖದಲ್ಲಿ ಸಿಟ್ಟೂ ಇರುತ್ತದೆ, ಬೇಜಾರೂ ಇರುತ್ತದೆ. ಸಿಟ್ಟು ನ್ಯಾಯವಾದದ್ದೇ. ರಿಸೆಟ್ ಮಾತ್ರ ಬೇಕಿರಲಿಲ್ಲ. ನನ್ನ ಹತ್ತಿರ ಬರುವ ಹೊತ್ತಿಗೆ ಅದು ಆಗಿ ಹೋಗಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಬ್ಬರು ಬಂದಿದ್ದರು. ದಿನಾ ಬೆಳಿಗ್ಗೆ ಓಡುವವರು. ಕೈ ಚಾಚಿ, ವಾಚ್ ಗಾಜಿನ ಮೇಲೆ ಬೆರಳನ್ನು ಕೆಳಗಿನಿಂದ ಮೇಲಕ್ಕೆ ಎಳೆದು ತೋರಿಸಿದರು. "ಮೊದಲು ಹೀಗೆ ಮಾಡಿದ್ರೆ ಬೇಕಾದ್ದು ಬರ್ತಿತ್ತು. ಈಗ ಇನ್ನೇನೋ ಬರುತ್ತೆ." ಇನ್ನೊಮ್ಮೆ ಎಳೆದರು, ಈ ಸಲ ಇನ್ನೂ ಜೋರಾಗಿ. ಟಚ್ ಕೆಟ್ಟಿದೆ ಅಂದುಕೊಂಡು ಮೂರು ದಿನ ಹೀಗೇ ಒತ್ತಿ ಒತ್ತಿ ನೋಡಿದ್ದಾರೆ. ನಾಲ್ಕನೇ ದಿನ ರಾತ್ರಿ ಫ್ಯಾಕ್ಟರಿ ರಿಸೆಟ್ ಮಾಡಿದ್ದಾರೆ. ಆ ದಿನಗಳಲ್ಲಿ ಫೋನಿನ ಆಪ್ ತೆರೆದೇ ಇರಲಿಲ್ಲ. ಹಾಗಾಗಿ ಅವರು ಓಡಿದ ಲೆಕ್ಕ ವಾಚ್‌ನಲ್ಲೇ ಉಳಿದಿತ್ತು, ಫೋನಿಗೆ ಹೋಗಿರಲಿಲ್ಲ. ಅಷ್ಟೂ ಅಳಿಸಿ ಹೋಯಿತು. ಬೆರಳು ಎಳೆದರೆ ಬರುವುದು ಮಾತ್ರ ಅದೇ, ಹೊಸದು.

ಟಚ್ ಪರೀಕ್ಷೆ ಮಾಡಿದೆ. ಏನೂ ಆಗಿರಲಿಲ್ಲ.

ರಿಸೆಟ್ ಅಂದರೆ ಏನು ಅನ್ನುವುದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ವಾಚ್ ಒಳಗಿನ ಜಾಗವನ್ನು ಎರಡು ಪಾಲು ಅಂದುಕೊಳ್ಳಿ. ಒಂದರಲ್ಲಿ ಸಿಸ್ಟಮ್ ಇರುತ್ತದೆ. ಯಾವ ಬಟನ್ ಒತ್ತಿದರೆ ಏನಾಗಬೇಕು, ಯಾವ ಕಡೆ ಎಳೆದರೆ ಏನು ಬರಬೇಕು ಅನ್ನುವುದೆಲ್ಲ ಅಲ್ಲಿದೆ. ಇನ್ನೊಂದರಲ್ಲಿ ನಿಮ್ಮದು ಇರುತ್ತದೆ: ನಿಮ್ಮ ಅಲಾರಂ, ನಿಮ್ಮ ಸೆಟ್ಟಿಂಗ್ಸ್, ನೀವು ಹಾಕಿಕೊಂಡ ಆಪ್, ನೀವು ನಡೆದ ಲೆಕ್ಕ. ಅಪ್‌ಡೇಟ್ ಬದಲಾಯಿಸುವುದು ಮೊದಲನೇ ಪಾಲನ್ನು. ರಿಸೆಟ್ ಅಳಿಸುವುದು ಎರಡನೇ ಪಾಲನ್ನು. ಅಂದರೆ ನಿಮಗೆ ಬೇಡವಾದದ್ದು ಹಾಗೇ ಉಳಿಯುತ್ತದೆ, ಬೇಕಾದದ್ದು ಹೋಗುತ್ತದೆ.

ಮನೆ ಕೆಡವಿ ಅದೇ ಜಾಗದಲ್ಲಿ ಬೇರೆ ಮನೆ ಕಟ್ಟಿದ್ದಾರೆ, ನಿಮ್ಮ ಸಾಮಾನನ್ನು ಹುಷಾರಾಗಿ ಒಳಗೆ ಜೋಡಿಸಿಟ್ಟಿದ್ದಾರೆ ಅಂದುಕೊಳ್ಳಿ. ಬಾಗಿಲು ಬೇರೆ ದಿಕ್ಕಿಗಿದೆ ಅಂತ ಸಿಟ್ಟು ಬಂದು ಸಾಮಾನೆಲ್ಲ ಹೊರಗೆ ಹಾಕಿದರೆ ಬಾಗಿಲು ಹಳೇ ದಿಕ್ಕಿಗೆ ತಿರುಗುತ್ತಾ? ಖಾಲಿ ಮನೆ ಸಿಗುತ್ತದೆ, ಅಷ್ಟೇ.

ತಪ್ಪು ದಾರಿಗೆ ಎಳೆಯುವುದು ಆ ಹೆಸರೇ. 'ಫ್ಯಾಕ್ಟರಿ' ಅಂದ ಕೂಡಲೇ ಡಬ್ಬಿಯಿಂದ ತೆಗೆದ ದಿನ ಹೇಗಿತ್ತೋ ಹಾಗೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಡಬ್ಬಿಯಿಂದ ತೆಗೆದ ದಿನ ಅದರಲ್ಲಿ ನಿಮ್ಮದು ಏನೂ ಇರಲಿಲ್ಲ ಅಲ್ವಾ, ರಿಸೆಟ್ ತರುವುದು ಆ ಖಾಲಿತನವನ್ನು. ಅವತ್ತಿನ ಸಾಫ್ಟ್‌ವೇರನ್ನಲ್ಲ.

ಹಾಗಾದರೆ ಹಳೇ ಸಾಫ್ಟ್‌ವೇರನ್ನೇ ಹಾಕಿಕೊಡಿ ಅಂತ ಕೇಳುತ್ತಾರೆ. ಆಪಲ್ ವಾಚ್ ಬಳಸುವವರಿಗೆ ಆ ದಾರಿ ಇಲ್ಲ. ಬೇರೆ ವಾಚುಗಳಲ್ಲೂ ಮಾಮೂಲಿ ಸೆಟ್ಟಿಂಗ್ಸ್ ಒಳಗೆ ಅಂಥದ್ದು ಸಾಮಾನ್ಯವಾಗಿ ಸಿಗುವುದಿಲ್ಲ. ನಿಮ್ಮ ಮಾಡೆಲ್ ಬೇರೆ ಇರಬಹುದು, ಹಾಗಾಗಿ ತಯಾರಕರ ಸಹಾಯ ಪುಟ ನೋಡಿ. ಕಾರಣ ಸರಳ. ಕಂಪನಿ ಪ್ರತಿ ಸಾಫ್ಟ್‌ವೇರ್‌ಗೂ ಡಿಜಿಟಲ್ ಸಹಿ ಹಾಕುತ್ತದೆ, ವಾಚ್ ಅದನ್ನು ನೋಡಿಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಹೊಸದು ಬಂದ ಮೇಲೆ ಆಪಲ್ ಹಳೆಯದಕ್ಕೆ ಸಹಿ ನಿಲ್ಲಿಸುತ್ತದೆ, ಯಾಕೆಂದರೆ ಹಳೆಯದರ ಭದ್ರತಾ ದೋಷಗಳು ಅಷ್ಟೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತವೆ. ಯಾರೋ ಆನ್‌ಲೈನ್‌ನಲ್ಲಿ ಕೊಟ್ಟ ಫೈಲ್ ಹಾಕಿ ನೋಡುವ ಸಾಹಸ ಮಾತ್ರ ದಯವಿಟ್ಟು ಬೇಡ.

ರಿಸೆಟ್ ಯಾವತ್ತೂ ಬೇಡ ಅನ್ನುತ್ತಿಲ್ಲ. ಫೋನಿನ ಜೊತೆ ಜೋಡಣೆ ಪದೇ ಪದೇ ತಪ್ಪುತ್ತಿದ್ದರೆ ಅದು ಬೇಕಾಗಬಹುದು. ಆಗಲೂ ಆಪಲ್ ವಾಚ್ ಆದರೆ ಫೋನಿನ ವಾಚ್ ಆಪ್‌ನಿಂದಲೇ ಅನ್‌ಪೇರ್ ಮಾಡಿ, ಅಂದರೆ ಜೋಡಣೆ ಬಿಡಿಸಿ. ಹಾಗೆ ಮಾಡಿದಾಗ ಬ್ಯಾಕಪ್ ತಾನಾಗಿ ಆಗುತ್ತದೆ, ವಾಚನ್ನು ನಿಮ್ಮ ಅಕೌಂಟಿಗೆ ಕಟ್ಟಿಹಾಕಿರುವ ಆಕ್ಟಿವೇಶನ್ ಲಾಕ್ ಕೂಡ ತೆರೆಯುತ್ತದೆ. ವಾಚ್‌ನಲ್ಲೇ ನೇರವಾಗಿ ಅಳಿಸಿದರೆ ಆ ಲಾಕ್ ಹಾಗೇ ಉಳಿಯುತ್ತದೆ. ಅಕೌಂಟಿನ ಪಾಸ್‌ವರ್ಡ್ ನೆನಪಿಲ್ಲದೆ ಕಣ್ಣಲ್ಲಿ ನೀರು ಹಾಕಿಕೊಂಡು ಬಂದವರನ್ನು ನೋಡಿದ್ದೇನೆ. ಹಣ ಪಾವತಿಯ ಕಾರ್ಡುಗಳನ್ನು ಹೇಗಿದ್ದರೂ ಮತ್ತೆ ಸೇರಿಸಬೇಕಾಗುತ್ತದೆ.

ಈಗ ಸಿಟ್ಟಿನ ವಿಷಯ. "ಒಂದು ಬಟನ್ ಬದಲಾದರೆ ಏನಂತೆ, ಇಷ್ಟು ಸಣ್ಣದಕ್ಕೆ ರಗಳೆ" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಫೋನಿನ ಪರದೆ ದೊಡ್ಡದು, ಏನಾದರೂ ಬದಲಾದರೆ ಅಲ್ಲೇ ಹೆಸರು ಬರೆದಿರುತ್ತದೆ, ಓದಿಕೊಳ್ಳಬಹುದು. ವಾಚ್‌ನ ಕೇಸೇ ಸುಮಾರು 40ರಿಂದ 50 ಮಿಲಿಮೀಟರ್. ಅಷ್ಟು ಗಾಜಿನಲ್ಲಿ ಏನೆಂದು ಬರೆಯುವುದು? ಅದಕ್ಕೇ ಎಲ್ಲವನ್ನೂ ಎಳೆಯುವುದು, ಒತ್ತುವುದು, ಒತ್ತಿ ಹಿಡಿಯುವುದರಲ್ಲಿ ಅಡಗಿಸಿರುತ್ತಾರೆ. ಅದು ಪರದೆ ಮೇಲೆ ಇರುವುದಿಲ್ಲ, ನಿಮ್ಮ ಬೆರಳಲ್ಲಿ ಇರುತ್ತದೆ. ಓಡುವಾಗ, ಎರಡೂ ಕೈ ತುಂಬಿರುವಾಗ, ಕತ್ತಲಲ್ಲಿ, ನೋಡದೇ ಮಾಡುವ ಕೆಲಸ ಅದು. ವರ್ಷಗಟ್ಟಲೆ ರೂಢಿಯಾದದ್ದನ್ನು ಒಂದು ರಾತ್ರಿಯಲ್ಲಿ ಬದಲಾಯಿಸಿದರೆ ಯಾರಿಗೇ ಆದರೂ ಉರಿಯುತ್ತದೆ. ಹೀಗೆ ಸಿಟ್ಟು ಮಾಡಿಕೊಂಡು ಬರುವವರು ವಾಚನ್ನು ನಿಜವಾಗಿ ಬಳಸುವವರು. ಸುಮ್ನೆ ಕಟ್ಟಿಕೊಂಡವರಿಗೆ ಬದಲಾದದ್ದೇ ಗೊತ್ತಾಗುವುದಿಲ್ಲ.

ಇಂಥ ಬದಲಾವಣೆ ಹೊಸದೂ ಅಲ್ಲ. 2020ರಲ್ಲಿ ಆಪಲ್ ವಾಚ್‌ನ ಸಿಸ್ಟಮ್ ಸಾಫ್ಟ್‌ವೇರ್ ವಾಚ್‌ಓಎಸ್ 7 ಬಂದಾಗ, ಗಾಜನ್ನು ಜೋರಾಗಿ ಅದುಮುವ ಫೋರ್ಸ್ ಟಚ್ ಹೋಯಿತು. ಅದುಮಿದ್ದನ್ನು ಗುರುತಿಸುವ ಭಾಗ ಇದ್ದ ಹಳೇ ವಾಚುಗಳಲ್ಲೂ ಹೋಯಿತು. 2022ರ ವಾಚ್‌ಓಎಸ್ 9ರಲ್ಲಿ, ನೀರಿಗಿಳಿದಾಗ ಪರದೆ ತಾನಾಗಿ ಒತ್ತಿಕೊಳ್ಳದಂತೆ ತಡೆಯುವ ವಾಟರ್ ಲಾಕ್ ತೆಗೆಯುವ ಬಗೆ ಬದಲಾಯಿತು. ಅದುವರೆಗೆ ಕ್ರೌನ್, ಅಂದರೆ ಪಕ್ಕದಲ್ಲಿರುವ ದುಂಡನೆಯ ತಿರುಗಣೆ, ತಿರುಗಿಸಬೇಕಿತ್ತು, ಆಮೇಲೆ ಒತ್ತಿ ಹಿಡಿಯಬೇಕಾಯಿತು. 2023ರ ಸೆಪ್ಟೆಂಬರಿನ ವಾಚ್‌ಓಎಸ್ 10 ಎಲ್ಲಕ್ಕಿಂತ ಜಾಸ್ತಿ ಕಲಕಿತು. ಕೆಳಗಿನಿಂದ ಮೇಲೆ ಎಳೆದರೆ ಬರುತ್ತಿದ್ದ ಕಂಟ್ರೋಲ್ ಸೆಂಟರ್, ಅಂದರೆ ಬೇಗ ಬೇಕಾಗುವ ಸ್ವಿಚ್‌ಗಳ ಪಟ್ಟಿ, ಪಕ್ಕದ ಬಟನ್‌ಗೆ ಹೋಯಿತು. ಎಳೆದರೆ ಸ್ಮಾರ್ಟ್ ಸ್ಟ್ಯಾಕ್ ಅನ್ನುವ ಕಾರ್ಡುಗಳ ಸಾಲು ಬರತೊಡಗಿತು. ಇತ್ತೀಚೆಗೆ ಬಳಸಿದ ಆಪ್‌ಗಳು ಬೇಕಾದರೆ ಕ್ರೌನನ್ನು ಎರಡು ಸಲ ಒತ್ತಬೇಕಾಯಿತು. ಪಕ್ಕಕ್ಕೆ ಎಳೆದು ವಾಚ್ ಫೇಸ್ ಬದಲಾಯಿಸುವುದಂತೂ ಇಲ್ಲದೇ ಹೋಯಿತು.

ಆ ಕೊನೆಯದು ವಾಪಸ್ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ, 10.2ರಲ್ಲಿ, ಸೆಟ್ಟಿಂಗ್ಸ್‌ನ ಕ್ಲಾಕ್ ಭಾಗದಲ್ಲಿ ಅದಕ್ಕೊಂದು ಸ್ವಿಚ್ ಕೊಟ್ಟರು. ಹಳೇ ರೂಢಿ ತಿರುಗಿ ಬರುವುದಿದ್ದರೆ ಹೀಗೆ ಬರುತ್ತದೆ, ಮುಂದಿನ ಅಪ್‌ಡೇಟ್‌ನಲ್ಲಿ. ಬೇಜಾರಾಗಿ ಅಪ್‌ಡೇಟನ್ನೇ ನಿಲ್ಲಿಸಿಬಿಟ್ಟವರಿಗೆ ಆ ಸ್ವಿಚ್ ಸಿಗಲೇ ಇಲ್ಲ.

ಆಟೋಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡಿಕೊಳ್ಳಿ ಬೇಕಾದರೆ, ತಪ್ಪಿಲ್ಲ. ದೊಡ್ಡ ಅಪ್‌ಡೇಟನ್ನು ನಿಮಗೆ ಬಿಡುವಿದ್ದ ದಿನ, ಏನೇನು ಬದಲಾಗಿದೆ ಅಂತ ಓದಿಕೊಂಡು ಹಾಕಿಕೊಳ್ಳಿ. ಪ್ರಯಾಣದ ಹಿಂದಿನ ರಾತ್ರಿ ಬೇಡ. ಆದರೆ ತಿಂಗಳುಗಟ್ಟಲೆ ತಳ್ಳಬೇಡಿ, ಭದ್ರತೆಯ ದುರಸ್ತಿಗಳೂ ಅದರೊಳಗೇ ಬರುತ್ತವೆ.

ಅಪ್‌ಡೇಟ್ ಆದ ಮೇಲೆ ಮೊದಲು ಹುಡುಕಬೇಕಾದದ್ದು ತುರ್ತು ಕರೆ. ಅದು ಎಲ್ಲಿದೆ, ಹೇಗೆ ಬರುತ್ತದೆ ಅಂತ ಓದಿ ತಿಳಿದುಕೊಳ್ಳಿ. ಒತ್ತಿ ಹಿಡಿದು ಪರೀಕ್ಷೆ ಮಾಡಲು ಹೋಗಬೇಡಿ. ಆಪಲ್ ವಾಚ್‌ನಲ್ಲಿ ಪಕ್ಕದ ಬಟನ್ ಹಿಡಿದೇ ಇದ್ದರೆ ಕೌಂಟ್‌ಡೌನ್ ಶುರುವಾಗಿ ನಿಜವಾಗಿಯೂ ಕರೆ ಹೋಗುತ್ತದೆ. ಮಿಕ್ಕದ್ದಕ್ಕೆ ಆತುರವಿಲ್ಲ. ದಿನಾ ಬೇಕಾಗುವ ಎರಡು ಮೂರನ್ನು ಮಾತ್ರ ಮೊದಲು ಕಲಿಯಿರಿ. ನಾನು ನೋಡಿದ ಮಟ್ಟಿಗೆ ಒಂದೆರಡು ವಾರದಲ್ಲಿ ಬೆರಳಿಗೆ ಕೂರುತ್ತದೆ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ.

ಹೀಗೆ ಕಲಿತ ಒಬ್ಬ ಹಿರಿಯ ಮೇಡಂ ಇದ್ದಾರೆ. ಸದ್ಯ, ರಿಸೆಟ್ ಮಾಡುವ ಮೊದಲೇ ಬಂದರು. ಅವರ ತೊಂದರೆ ಬೇರೆ. ಬೆರಳ ಗಂಟುಗಳಲ್ಲಿ ನೋವು. ಬಟನನ್ನು ಎರಡು ಸಲ ಒತ್ತಬೇಕು, ಮೊದಲನೇ ಒತ್ತಿಗೂ ಎರಡನೆಯದಕ್ಕೂ ನಡುವೆ ಹೊತ್ತು ಹೋಗಿಬಿಡುತ್ತದೆ. ವಾಚ್ ಅದನ್ನು ಒಂದೊಂದೇ ಒತ್ತು ಅಂದುಕೊಳ್ಳುತ್ತದೆ. "ನನ್ನ ಕೈಗೆ ಇನ್ನು ಇದು ಆಗೋದಿಲ್ಲ ಅನ್ಸುತ್ತೆ" ಅಂದರು, ವಾಚ್ ಬಿಚ್ಚಿ ಟೇಬಲ್ ಮೇಲಿಟ್ಟು.

ಸೆಟ್ಟಿಂಗ್ಸ್‌ನಲ್ಲಿ ಕೈ, ಕಣ್ಣು, ಕಿವಿಯ ತೊಂದರೆ ಇರುವವರಿಗಾಗಿ ಇರುವ ಆಕ್ಸೆಸಿಬಿಲಿಟಿ ಅನ್ನುವ ಭಾಗವನ್ನು ನಮ್ಮಲ್ಲಿ ಯಾರೂ ತೆರೆಯುವುದೇ ಇಲ್ಲ. ಬಟನ್ ಎಷ್ಟು ಬೇಗ ಎರಡು ಸಲ ಒತ್ತಬೇಕು ಅನ್ನುವುದನ್ನು ಅಲ್ಲಿ ನಿಧಾನ ಮಾಡಿಕೊಳ್ಳಬಹುದು. ಎಲ್ಲ ವಾಚುಗಳಲ್ಲೂ ಇರುತ್ತದೆ ಅಂತ ಹೇಳಲಾರೆ, ಅವರದರಲ್ಲಿ ಇತ್ತು. ಅತಿ ನಿಧಾನಕ್ಕೆ ಇಟ್ಟುಕೊಟ್ಟೆ. ಒತ್ತಿದರು. ತಡೆದು, ಇನ್ನೊಮ್ಮೆ ಒತ್ತಿದರು. ಬಂತು. ನಾನು ಇನ್ನೇನೋ ಹೇಳಲು ಹೋದರೆ ಸುಮ್ಮನಿರಿ ಅಂತ ಕೈ ತೋರಿಸಿ, ಕಣ್ಣು ಮುಚ್ಚಿಕೊಂಡು ಮತ್ತೆ ಮತ್ತೆ ಒತ್ತಿ ನೋಡಿದರು.

ಹೊರಡುವಾಗ, "ಆದ್ರೂ ಮೊದಲಿಂದೇ ಚೆನ್ನಾಗಿತ್ತು" ಅಂದರು. ಅವರ ಮಟ್ಟಿಗೆ ಅದು ನಿಜ. ಅದಕ್ಕೇ ಕಂಪನಿಗೆ ಅಭಿಪ್ರಾಯ ಕಳಿಸುವ ಪುಟ ತೆರೆದೆ. ಅವರು ಹೇಳಿದರು, ನಾನು ಟೈಪ್ ಮಾಡಿದೆ. ಓದಿ ಹೇಳಿ ಅಂದರು, ಓದಿದೆ. ಸ್ವಲ್ಪ ಯೋಚಿಸಿ, "ಬೆರಳು ನೋವು ಅಂತ ಬರೆದಿಲ್ಲ ನೀವು, ಅದನ್ನೇ ಮೊದಲು ಹಾಕಿ" ಅಂದರು. ಮೊದಲ ಸಾಲಿಗೆ ಅದನ್ನೇ ಹಾಕಿ ಕಳಿಸಿದೆವು.