ದುಡಿಯುವ ಮೈಗೆ ರೋಗವಿಲ್ಲವೇ?

ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜ್‌ಗೆ ಹೊಸ ತೊಗರಿ ಬರತೊಡಗಿತೆಂದರೆ ಹಮಾಲರಿಗೆ ಉಸಿರಾಡಲೂ ಪುರಸೊತ್ತಿಲ್ಲ. ಬೆನ್ನಿಗೆ ಚೀಲ, ಕಾಲಡಿ ಲಾರಿಗೆ ಒರಗಿಸಿದ ಹಲಗೆ. ಹತ್ತಿ, ಕೆಡವಿ, ಮತ್ತೆ ಇಳಿದು ಬರಬೇಕು. ಕೂಲಿ ಚೀಲದ ಲೆಕ್ಕದಲ್ಲಿ, ಹಾಗಾಗಿ ಕೂತರೆ ದುಡ್ಡಿಲ್ಲ. ಇವರನ್ನು ನೋಡಿ ‘ಇವರಿಗೆಲ್ಲಿಯ ಬಿಪಿ, ಶುಗರು? ದುಡಿಯೋ ಮೈಗೆ ರೋಗ ಇಲ್ಲ’ ಅನ್ನುವವರು ಬಹಳ.

ಈ ನಂಬಿಕೆಗೆ ವಿಜ್ಞಾನದ ಬೆಂಬಲವೂ ಇತ್ತು. 1953ರಲ್ಲಿ ಜೆರ‍್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದರು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಮಾರಿಸ್ ಅಲ್ಲಿಗೇ ಬಿಡಲಿಲ್ಲ. 1956ರಲ್ಲಿ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರು. ಡ್ರೈವರುಗಳ ಪ್ಯಾಂಟಿನ ಸೊಂಟ ಕೆಲಸಕ್ಕೆ ಸೇರುವಾಗಲೇ ದೊಡ್ಡದಿತ್ತು! ಅಂದರೆ ಎಲ್ಲ ವ್ಯತ್ಯಾಸವನ್ನೂ ಕೆಲಸದ ತಲೆಗೆ ಕಟ್ಟುವಂತಿರಲಿಲ್ಲ. ಆದರೆ ಜನರ ನೆನಪಲ್ಲಿ ಉಳಿದದ್ದು ಮೆಟ್ಟಿಲಿನ ಕಥೆ ಮಾತ್ರ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಂದರಿನ ಕೂಲಿಗಳ ಅಧ್ಯಯನವೂ ಇದೇ ದಾರಿ ಹಿಡಿಯಿತು. ಮೈ ಬಗ್ಗಿಸಿದರೆ ಸಾಕು, ಎದೆ ಗಟ್ಟಿ ಎಂಬ ಮಾತು ಬೇರೂರಿತು.

ಇಲ್ಲೊಂದು ತೊಡಕಿದೆ. ಮಂಡಿ ಹೋದವನು, ಸೊಂಟ ಹಿಡಿದವನು ಗಂಜ್ ಬಿಟ್ಟು ಹಳ್ಳಿಗೆ ಹೋಗುತ್ತಾನೆ. ನಮ್ಮ ಕಣ್ಣಿಗೆ ಬೀಳುವುದು ಇನ್ನೂ ಹೊರಬಲ್ಲವರು. ಗಟ್ಟಿಗರನ್ನಷ್ಟೇ ಎಣಿಸಿದರೆ ಕೆಲಸವೇ ಗಟ್ಟಿ ಮಾಡಿತು ಅನಿಸುತ್ತದೆ, ಅಲ್ವಾ?

2018ರಲ್ಲಿ 17 ಅಧ್ಯಯನಗಳನ್ನು, ಒಟ್ಟು 1.93 ಲಕ್ಷ ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದಾಗ ಚಿತ್ರ ತಿರುಗಿತು. ಭಾರಿ ಮೈಕೆಲಸದ ಗಂಡಸರಲ್ಲಿ ಬೇಗ ಸಾಯುವ ಅಪಾಯ ಹಗುರ ಕೆಲಸದವರಿಗಿಂತ ಶೇ. 18ರಷ್ಟು ಜಾಸ್ತಿ. ಹೆಂಗಸರಲ್ಲಿ ಹಾಗೆ ಕಾಣಲಿಲ್ಲ. 2021ರ ಕೋಪನ್‌ಹೇಗನ್ ಅಧ್ಯಯನದಲ್ಲಿ ಬಿಡುವಿನ ವೇಳೆಯ ವ್ಯಾಯಾಮ ಆಯುಷ್ಯಕ್ಕೆ ಒಳ್ಳೆಯದಾಗಿ ಕಂಡಿತು, ಕೆಲಸದ ಶ್ರಮ ಉಲ್ಟಾ. ಅದೇ ವರ್ಷ ನಾರ್ವೆಯ ಅಧ್ಯಯನ ಇದನ್ನು ಒಪ್ಪಲಿಲ್ಲ. ಬಡತನ, ಬೀಡಿ, ಓದಿನ ಕೊರತೆಗಳ ಪಾಲೆಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ.

ನನಗೆ ಮಾತ್ರ ವಿಶ್ರಾಂತಿಯ ವಿಷಯವೇ ಮುಖ್ಯ ಅನಿಸುತ್ತದೆ. ವಾಕಿಂಗ್ ಹೋದವನು ಅರ್ಧ ತಾಸು ಎದೆಬಡಿತ ಏರಿಸಿ, ಆಮೇಲೆ ದಿನವಿಡೀ ಇಳಿಸಿಕೊಳ್ಳುತ್ತಾನೆ. ಹಮಾಲನ ಎದೆಬಡಿತ ಬೆಳಗಿನಿಂದ ಸಂಜೆವರೆಗೂ ಏರಿಯೇ ಇರುತ್ತದೆ. ಉಸಿರು ಬಿಗಿಹಿಡಿದು ಚೀಲ ಎತ್ತಿದಾಗಲೆಲ್ಲ ರಕ್ತದೊತ್ತಡ ಜಿಗಿಯುತ್ತದೆ. ರಾತ್ರಿಯ ನಿದ್ದೆಯಲ್ಲಿ ಮೈ ಸುಧಾರಿಸುವಷ್ಟರಲ್ಲಿ ಮತ್ತೆ ಬೆಳಗು. ಇದರ ಮೇಲೆ ಕಲಬುರಗಿಯ ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಹೃದಯವು ಸ್ನಾಯುಗಳಿಗೂ ರಕ್ತ ಕಳಿಸಬೇಕು, ಮೈ ತಂಪಾಗಲು ಚರ್ಮಕ್ಕೂ ಕಳಿಸಬೇಕು. ಬೆವರಿ ನೀರು ಕಡಿಮೆಯಾದರೆ ಕಿಡ್ನಿಗೂ ಪೆಟ್ಟು. ಶಹಾಬಾದಿನ ಪರಸಿ ಕಲ್ಲಿನ ಗಣಿಗಳಲ್ಲಿ ನೆರಳೂ ಅಪರೂಪ.

ಹೊರೆ ತುಸು ಇಳಿದದ್ದು ನಿಜ. ಹಳಬರು ಹೊತ್ತದ್ದು ಕ್ವಿಂಟಲ್ ಚೀಲ, ಈಗ ಹೆಚ್ಚಾಗಿ 50 ಕೆಜಿಯದು. ಒಬ್ಬ ಗಂಡಾಳಿಗೆ 55 ಕೆಜಿ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಆದರೆ ಚೀಲ ಚಿಕ್ಕದಾದರೆ ಸುತ್ತು ಜಾಸ್ತಿ, ಕೂಲಿಯ ಲೆಕ್ಕ ಮಾತ್ರ ಹಳೆಯದೇ.

ಅಫಜಲಪುರ ದಾಟಿದರೆ ಮಹಾರಾಷ್ಟ್ರ. ಅಲ್ಲಿ ಹಮಾಲರಿಗಾಗಿ 1969ರಲ್ಲೇ ಮಾಥಾಡಿ ಕಾಯ್ದೆ ಬಂತು. ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಭವಿಷ್ಯ ನಿಧಿ, ವೈದ್ಯಕೀಯ ಸೌಲಭ್ಯದ ವ್ಯವಸ್ಥೆ ಅದರಲ್ಲಿದೆ. ನಮ್ಮ ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲೂ ಹಮಾಲರಿದ್ದಾರೆ, ಅಪಘಾತವಾದರೆ ಪರಿಹಾರವಿದೆ. ವರ್ಷಗಟ್ಟಲೆ ಹೊತ್ತು ಸವೆದ ಸೊಂಟಕ್ಕೆ, ಬಳಲಿದ ಎದೆಗೆ ಅಪಘಾತದ ದಿನಾಂಕ ಬರೆಯಲಾಗದು. ಅದಕ್ಕೆ ಬೇಕಿರುವುದು ವರ್ಷಕ್ಕೊಮ್ಮೆ ಗಂಜ್‌ನಲ್ಲೇ ತಪಾಸಣೆ, ಬೇಸಿಗೆ ಮಧ್ಯಾಹ್ನ ಕೂಲಿ ಕಡಿಯದ ಬಿಡುವು.